ದೋಣಿಯ ಬಚ್ಚಲು ನೀರನ್ನು ಹೊರಗೆ ಹಾಕೋದು ಹೇಗೆ? (ದೋಣಿ ಸದ್ಯಕ್ಕೆ ಕಾಫಿ ಕಣದಲ್ಲಿದೆ)

ಕಣದ ದೋಣಿ, ಸಕಲೇಶಪುರ

ನಗುವವರು ಮೊದಲು ನಕ್ಕು ಮುಗಿಸಿ, ಆಮೇಲೆ ಉತ್ತರ ಕೊಡಿ. ನಮ್ಮ ಊರಿನವರೆಲ್ಲ ಆಗಲೇ ನಕ್ಕಾಗಿದೆ. ಕಾಫಿ ಒಣಗಿಸುವ ಕಣದಲ್ಲಿ 26 ಅಡಿಯ ದೋಣಿ ನಿಂತಿದ್ದರೆ ಯಾರಿಗೆ ತಾನೆ ನಗು ಬರುವುದಿಲ್ಲ.

ಮಂಗಳೂರಿನಲ್ಲಿರುವ ಭಾವ ಮತ್ತು ನಾನು ಸೇರಿ ಒಂದು ಹಳೇ ಫೈಬರ್ ದೋಣಿ ತೆಗೆದುಕೊಂಡೆವು. ಅಲ್ಲಿ ಇಟ್ಟು ರಿಪೇರಿ ಮಾಡಿಸೋಣ ಅಂದರೆ ಜಾಗದ ಬಾಡಿಗೆ ಜಾಸ್ತಿ. ಇಲ್ಲಿ ಕಾಫಿ ಕೆಲಸ ಮುಗಿದು ಕಣ, ಗೋಡೌನು ಎರಡೂ ಖಾಲಿ ಬಿದ್ದಿವೆ, ಬಡಗಿಯೂ ನಮ್ಮ ಪಕ್ಕದ ಮನೆಯವನೇ. ಹಾಗಾಗಿ ಲೋಬೆಡ್ ಗಾಡಿಯಲ್ಲಿ ಶಿರಾಡಿ ಘಾಟಿ ಹತ್ತಿಸಿಕೊಂಡು ತಂದೆವು. ಮಳೆ ಕಳೆದು ಗಣೇಶನ ಹಬ್ಬ ಆದ ಮೇಲೆ ವಾಪಸ್ ಇಳಿಸಿ ಗುರುಪುರ ಹೊಳೆಯಲ್ಲಿ ನಿಲ್ಲಿಸುವ ಯೋಚನೆ.

ಇದರಲ್ಲಿ ಒಂದು ಪುಟಾಣಿ ಬಚ್ಚಲಿದೆ. ಶವರ್ ಟ್ರೇ, ಕೈ ತೊಳೆಯುವ ಬೇಸಿನ್, ಆಚೆ ಮೂಲೆಯಲ್ಲಿ ಅಡುಗೆ ಸಿಂಕು. ಹಿಂದಿನವರು ಏನು ಮಾಡಿದ್ದಾರೆ ಅಂದರೆ, ಶವರ್ ಟ್ರೇಗೆ ಒಂದು ತೂತು ಹೊಡೆದು ನೀರನ್ನು ಸೀದಾ ದೋಣಿಯ ತಳಕ್ಕೇ ಬಿಟ್ಟಿದ್ದಾರೆ. ತಳದಲ್ಲಿ ಸೇರುವ ನೀರು ಎತ್ತಿ ಹಾಕಲು ಬಿಲ್ಜ್ ಪಂಪ್ ಇದೆಯಲ್ಲ, ಅದೇ ಎತ್ತಿ ಹಾಕಲಿ ಅಂತ. ನೆಲದ ಹಲಗೆ ತೆಗೆದಾಗ ಬಂದ ವಾಸನೆ ಇನ್ನೂ ಮೂಗಲ್ಲಿದೆ. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ನೀರಿನ ಗುಂಡಿಯೇ ವಾಸಿ. ಪಂಪಿನ ಜಾಲರಿಗೆ ಕೂದಲು, ಸೋಪಿನ ಜಿಡ್ಡು ಸೇರಿ ನಿಂಬೆಹಣ್ಣಿನ ಗಾತ್ರದ ಉಂಡೆ ಆಗಿತ್ತು. ಸ್ಕ್ರೂಡ್ರೈವರಿನಲ್ಲಿ ಚುಚ್ಚಿದರೆ ಎಳೆ ಎಳೆಯಾಗಿ ಬಂತು, ಕೊನೆಗೆ ಬ್ಲೇಡಿನಲ್ಲಿ ಕೊಯ್ದು ತೆಗೆದೆ.

ನನ್ನ ಪ್ರಶ್ನೆಗಳು. ಶವರ್ ಟ್ರೇ ತುಂಬಾ ಕೆಳಗಿದೆ, ನೀರು ತಾನಾಗಿ ಹೊರಗೆ ಹೋಗುವ ಹಾಗಿಲ್ಲ ಅನಿಸುತ್ತದೆ. ಪಂಪ್ ಬೇಕೇ ಬೇಕಾ? ಬೇಕಾದರೆ ನನ್ನ ಹತ್ತಿರ ಬ್ಯಾಟರಿ ಸ್ಪ್ರೇಯರಿನ 12 ವೋಲ್ಟ್ ಪಂಪ್ ಒಂದು ಸುಮ್ನೆ ಬಿದ್ದಿದೆ, ಅದನ್ನೇ ಹಾಕಬಹುದಾ? ಸಿಂಕು, ಬೇಸಿನ್, ಶವರ್ ಮೂರಕ್ಕೂ ಒಂದೇ ಪಂಪ್ ಸಾಕಾ? ಇನ್ನೊಂದು, ಕರಾವಳಿಗೆ ಇಳಿಸುವ ಮೊದಲು ಗೊರೂರಿನ ಹೇಮಾವತಿ ಹಿನ್ನೀರಿನಲ್ಲಿ ಶೆಟ್ಟಿಹಳ್ಳಿ ಚರ್ಚ್ ಕಡೆ ಎರಡು ದಿನ ಬಿಟ್ಟು ನೋಡಿದರೆ ಹೇಗೆ?

ವೈಂಡಿಂಗ್ ಅಂಗಡಿ, ಹಾಸನ

ಸಾರ್, ಪಂಪಿನ ವಿಷಯಕ್ಕೆ ಆಮೇಲೆ ಬರೋಣ. ಮೊದಲು ಒಂದು ಅಳತೆ ತೆಗೆಯಿರಿ. ದೋಣಿ ನೀರಿಗೆ ಇಳಿದಾಗ ಹೊರಗಿನ ನೀರು ಎಲ್ಲಿಯವರೆಗೆ ಬರುತ್ತದೆ, ನಿಮ್ಮ ಟ್ರೇ ಅದಕ್ಕಿಂತ ಮೇಲಿದೆಯಾ ಕೆಳಗಿದೆಯಾ? ಎಲ್ಲವೂ ಈ ಒಂದು ಲೆಕ್ಕದ ಮೇಲೆ ನಿಂತಿದೆ. ಹಳೇ ದೋಣಿ ಅಂದರೆ ಹೊರಗಡೆ ಪಾಚಿ ಕಟ್ಟಿದ ಗೆರೆ ಇದ್ದೇ ಇರುತ್ತದೆ. ಗಾರೆ ಮೇಸ್ತ್ರಿಗಳ ಹತ್ತಿರ ನೀರು ತುಂಬಿದ ಮಟ್ಟದ ಟ್ಯೂಬ್ ಇರುತ್ತಲ್ಲ, ಅದರ ಒಂದು ತುದಿ ಆ ಗೆರೆಗೆ ಹಿಡಿದು ಇನ್ನೊಂದು ತುದಿಯನ್ನು ಕಿಟಕಿಯಿಂದ ಒಳಗೆ ತನ್ನಿ. ಒಳಗೂ ಸುತ್ತ ಪೆನ್ಸಿಲಿನಲ್ಲಿ ಅದೇ ಗೆರೆ ಎಳೆಯಿರಿ. ಆ ಗೆರೆಗಿಂತ ಸಾಕಷ್ಟು ಮೇಲಿರುವ ಸಿಂಕಿಗೆ ಪಂಪ್ ಬೇಡ, ನೀರು ತಾನಾಗಿ ಹೋಗುತ್ತದೆ. ಕೆಳಗಿರುವುದಕ್ಕೆ ಪಂಪ್ ಬೇಕೇ ಬೇಕು.

ಸ್ಪ್ರೇಯರ್ ಪಂಪ್ ಮರೆತುಬಿಡಿ. ಅದು ಒತ್ತಡಕ್ಕೆ ಮಾಡಿದ್ದು, ನೀರಿನ ಪ್ರಮಾಣಕ್ಕಲ್ಲ. ಒಳಗಿನ ವಾಲ್ವುಗಳು ಅಂಗಿ ಗುಂಡಿಯಷ್ಟು ಸಣ್ಣವು. ಔಷಧಿಯನ್ನೇ ಸೋಸದೆ ಹಾಕಿದರೆ ಕಟ್ಟಿಕೊಳ್ಳುತ್ತದೆ ಅಂತ ನಿಮಗೇ ಗೊತ್ತು, ಇನ್ನು ತಲೆಕೂದಲು ಬಂದರೆ ಕತೆ ಮುಗಿಯಿತು.

ಈ ಕೆಲಸಕ್ಕೆ ಎರಡು ದಾರಿ. ಒಂದು, ಟ್ರೇಗಿಂತ ಕೆಳಗೆ ಒಂದು ಸಣ್ಣ ಪ್ಲಾಸ್ಟಿಕ್ ಡಬ್ಬಿ ಇಡುವುದು. ನಮ್ಮ ಮನೆ ಸಂಪಿನ ಮರಿ ಅಂದುಕೊಳ್ಳಿ. ಅದರೊಳಗೆ ಜಾಲರಿ, ಮುಳುಗುವ ಸಣ್ಣ ಪಂಪ್, ಫ್ಲೋಟ್ ಸ್ವಿಚ್. ನೀರು ತುಂಬಿದಾಗ ಫ್ಲೋಟ್ ಎದ್ದು ಪಂಪ್ ಓಡುತ್ತದೆ, ಖಾಲಿಯಾದರೆ ನಿಲ್ಲುತ್ತದೆ. ಇನ್ನೊಂದು, ಡಯಾಫ್ರಾಮ್ ಪಂಪ್, ಅಂದರೆ ರಬ್ಬರ್ ಪೊರೆ ಹಿಂದೆ ಮುಂದೆ ಆಡಿ ನೀರು ಎಳೆಯುವಂಥದ್ದು. ಅದು ಗಾಳಿಯನ್ನೂ ಎಳೆಯುತ್ತದೆ, ಸ್ವಲ್ಪ ದೂರದಲ್ಲಿ, ಟ್ರೇಗಿಂತ ಮೇಲೆ ಕೂರಿಸಿದರೂ ನೀರು ಎತ್ತುತ್ತದೆ, ನೀರಿಲ್ಲದೆ ಸ್ವಲ್ಪ ಹೊತ್ತು ಓಡಿದರೂ ಸುಡುವುದಿಲ್ಲ. ಮುಳುಗುವ ಪಂಪ್ ಹಾಗಲ್ಲ. ಅದು ನಮ್ಮ ಮೋನೋಬ್ಲಾಕ್ ಜಾತಿಯದ್ದು, ಒಳಗೆ ಗಾಳಿ ಸಿಕ್ಕಿದರೆ ಸುಮ್ಮನೆ ತಿರುಗುತ್ತದೆ ಅಷ್ಟೇ.

ಪಂಪ್ ಮೇಲೆ ಬರೆದ ಸಂಖ್ಯೆ ನೋಡಿ ಮೋಸ ಹೋಗಬೇಡಿ. ಗಂಟೆಗೆ 500 ಗ್ಯಾಲನ್ ಅಂತ ಇರುತ್ತದೆ, ಅಮೆರಿಕದ ಗ್ಯಾಲನ್, ಅಂದರೆ ಸುಮಾರು 1890 ಲೀಟರ್. ಆದರೆ ಅದು ನೀರನ್ನು ಒಂದಿಂಚೂ ಮೇಲೆ ಎತ್ತದೆ ಇದ್ದಾಗಿನ ಲೆಕ್ಕ. ಒಂದು ಮೀಟರ್ ಎತ್ತಿ, ನಾಲ್ಕು ಬೆಂಡು ದಾಟಿಸಿದರೆ ಬರುವುದು ಅದಕ್ಕಿಂತ ತುಂಬಾ ಕಡಿಮೆ.

ವೈರ್ ತೆಳ್ಳಗಿನದು ಹಾಕಬೇಡಿ. 12 ವೋಲ್ಟಿನಲ್ಲಿ ಜನ ಎಡವುವುದೇ ಇಲ್ಲಿ. ಬ್ಯಾಟರಿಯಿಂದ ಪಂಪಿಗೆ 6 ಮೀಟರ್ ಇದ್ದರೆ ಹೋಗಿ ಬರುವ ದಾರಿ 12 ಮೀಟರ್. 5 ಆಂಪಿಯರ್ ಎಳೆಯುವ ಪಂಪಿಗೆ 1 ಸ್ಕ್ವೇರ್ (ಚದರ ಮಿಲಿಮೀಟರ್) ವೈರ್ ಹಾಕಿದರೆ ದಾರಿಯಲ್ಲೇ ಒಂದು ವೋಲ್ಟ್ ಹೋಗುತ್ತದೆ. 2.5 ಸ್ಕ್ವೇರ್ ಹಾಕಿದರೆ ಅರ್ಧ ವೋಲ್ಟೂ ಹೋಗುವುದಿಲ್ಲ. ತವರ ಲೇಪದ ತಾಮ್ರದ ವೈರ್ ಸಿಕ್ಕರೆ ಒಳ್ಳೆಯದು, ಉಪ್ಪು ಗಾಳಿಗೆ ಬರೀ ತಾಮ್ರ ಕಪ್ಪಾಗಿ ಪುಡಿಯಾಗುತ್ತದೆ. ಬ್ಯಾಟರಿ ಹತ್ತಿರ ಫ್ಯೂಸ್ ಮರೆಯಬೇಡಿ.

ಹೊಳೆ ಬದಿಯವ

ಊರು ಕಡೂರು, ಹೊಟ್ಟೆಪಾಡು ಮಂಗಳೂರು. ಹದಿನಾಲ್ಕು ವರ್ಷದಿಂದ ದೋಣಿ ರಿಪೇರಿ ಕೆಲಸವೇ. ವೈಂಡಿಂಗ್ ಅಂಗಡಿಯವರು ಹೇಳಿದ್ದೆಲ್ಲ ಸರಿ ಇದೆ, ಆದರೆ ದೋಣಿ ಮುಳುಗಿಸುವ ವಿಷಯ ಒಂದು ಬಿಟ್ಟುಹೋಗಿದೆ ಮಾರಾಯ್ರೆ.

ತೋಟದ ಟ್ಯಾಂಕಿನಿಂದ ನೀರು ಇಳಿಸುವಾಗ ಪೈಪನ್ನು ಬಾಯಲ್ಲಿ ಎಳೆದು ಕೆಳಗೆ ಬಿಡುತ್ತೀರಲ್ಲ? ಒಮ್ಮೆ ಹರಿಯಲು ಶುರುವಾದರೆ ಟ್ಯಾಂಕ್ ಖಾಲಿಯಾಗುವವರೆಗೂ ನಿಲ್ಲುವುದಿಲ್ಲ. ಈಗ ಟ್ಯಾಂಕಿನ ಜಾಗದಲ್ಲಿ ಹೊಳೆಯನ್ನು ಇಡಿ, ಕೆಳಗಿನ ತುದಿಯ ಜಾಗದಲ್ಲಿ ನಿಮ್ಮ ಶವರ್ ಟ್ರೇ ಇಡಿ. ಪಂಪ್ ನೀರನ್ನು ಹೊರಗೆ ತಳ್ಳಿ ನಿಂತಿತು, ಪೈಪು ತುಂಬಾ ನೀರಿದೆ, ಹೊರಗಿನ ತೂತು ನೀರೊಳಗೆ ಮುಳುಗಿದೆ. ಹೊಳೆ ಹಾಗೇ ವಾಪಸ್ ಒಳಗೆ ಬರುತ್ತದೆ. ಹೊಳೆ ಯಾವತ್ತೂ ಖಾಲಿಯಾಗುವುದಿಲ್ಲ, ತುಂಬುವುದು ನಿಮ್ಮ ದೋಣಿ.

ಆದ್ದರಿಂದ ನೀರು ಹೊರಗೆ ಬೀಳುವ ತೂತನ್ನು ಪಕ್ಕದ ಗೋಡೆಯಲ್ಲಿ ನೀರಿನ ಗೆರೆಗಿಂತ ಒಂದಡಿಯಾದರೂ ಮೇಲೆ ಇಡಿ. ಪೈಪನ್ನು ಪಂಪಿನಿಂದ ಸೀದಾ ತೂತಿಗೆ ಒಯ್ಯಬೇಡಿ. ಮೊದಲು ಇನ್ನೂ ಮೇಲಕ್ಕೆ, ಆಗುವಷ್ಟು ಡೆಕ್ ಹತ್ತಿರದವರೆಗೆ ಹತ್ತಿಸಿ, ಹಸುವಿನ ಕೊಂಬಿನ ಹಾಗೆ ಬಗ್ಗಿಸಿ ಕೆಳಗೆ ತನ್ನಿ. ತೂತು ನೀರಿನೊಳಗೇ ಇರಬೇಕಾದ ಪರಿಸ್ಥಿತಿ ಇದ್ದರೆ ಆ ಬಾಗಿನ ತುದಿಯಲ್ಲಿ ಗಾಳಿ ಎಳೆದುಕೊಳ್ಳುವ ವಾಲ್ವ್ ಬೇಕೇ ಬೇಕು. ಪಂಪ್ ನಿಂತ ಕೂಡಲೇ ಗಾಳಿ ಹೊಕ್ಕು ನೀರಿನ ಸರ ತುಂಡಾಗುತ್ತದೆ.

ನಾನ್‌ ರಿಟರ್ನ್ ವಾಲ್ವ್ (ನೀರನ್ನು ಒಂದೇ ಕಡೆಗೆ ಬಿಡುವಂಥದ್ದು) ಹಾಕಿದರೆ ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾನು ನಂಬಿ ಕೆಟ್ಟಿದ್ದೇನೆ. ಆಗ ನನ್ನದೇ ಒಂದು ಸಣ್ಣ ದೋಣಿ ಇತ್ತು. ಭಾನುವಾರ ಸ್ನಾನ ಮಾಡಿ, ಸ್ವಿಚ್ ಆರಿಸಿ ಮನೆಗೆ ಹೋದೆ. ಸೋಮವಾರ ಬಂದರೆ ಬಚ್ಚಲಲ್ಲಿ ಮೊಣಕಾಲವರೆಗೆ ನೀರು, ಅದರಲ್ಲಿ ನನ್ನ ಹವಾಯಿ ಚಪ್ಪಲಿ ತೇಲುತ್ತಿತ್ತು. ವಾಲ್ವ್ ಬಿಚ್ಚಿ ನೋಡಿದರೆ ರಬ್ಬರ್ ತಟ್ಟೆಗೂ ಅದು ಕೂರುವ ಅಂಚಿಗೂ ನಡುವೆ ನಾಲ್ಕೇ ನಾಲ್ಕು ಕೂದಲು. ನಾಲ್ಕು ಕೂದಲಿನ ಸಂದಿಯಲ್ಲಿ ಹೊಳೆ ಒಳಗೆ ಬಂದಿತ್ತು.

ಅಡುಗೆ ಸಿಂಕಿನ ಪೈಪು ನೀರಿನ ಗೆರೆಗಿಂತ ಕೆಳಗೆ ಹೊರಗೆ ಹೋಗುವುದಾದರೆ ಅಲ್ಲಿ ಸೀಕಾಕ್, ಅಂದರೆ ದೋಣಿಯ ಮೈಗೇ ಕೂರುವ ವಾಲ್ವ್ ಬೇಕು. ಮನೆಗೆ ಹಾಕುವ ಹಿತ್ತಾಳೆ ವಾಲ್ವ್ ಹಾಕಬೇಡಿ. ಉಪ್ಪು ನೀರು ಹಿತ್ತಾಳೆಯಲ್ಲಿರುವ ಸತುವನ್ನು ತಿಂದುಹಾಕುತ್ತದೆ. ನೋಡಲು ವಾಲ್ವ್ ಹಾಗೇ ಇರುತ್ತದೆ, ಬಣ್ಣ ಸ್ವಲ್ಪ ಗುಲಾಬಿ ಆಗಿರುತ್ತದೆ, ತಿರುಗಿಸಿದರೆ ಬಿಸ್ಕೆಟ್ ಮುರಿದ ಹಾಗೆ ಮುರಿಯುತ್ತದೆ. ಕಂಚಿನದು ಹಾಕಿ. ಪೈಪಿಗೆ ಒಂದೊಂದು ತುದಿಗೂ ಎರಡೆರಡು 316 ಸ್ಟೀಲ್ ಕ್ಲಿಪ್ಪು. ದೋಣಿ ಬಿಟ್ಟು ಮನೆಗೆ ಹೋಗುವಾಗ ವಾಲ್ವ್ ಮುಚ್ಚಿ. ಗ್ಯಾಸ್ ಸಿಲಿಂಡರ್ ಮುಚ್ಚುವ ಹಾಗೆ ಅದೂ ಅಭ್ಯಾಸ ಆಗಬೇಕು.

ಮುಳ್ಳಯ್ಯನಗಿರಿ ಗಾಳಿ, ಚಿಕ್ಕಮಗಳೂರು

ದೋಣಿ ಬಗ್ಗೆ ನನಗೆ ಗೊತ್ತಿಲ್ಲ, ಹೋಂಸ್ಟೇ ನಡೆಸುತ್ತೇನೆ, ಬಚ್ಚಲು ನೀರಿನ ಬಗ್ಗೆ ಮಾತ್ರ ಚೆನ್ನಾಗಿ ಗೊತ್ತು. ಗೊರೂರಿನ ಯೋಚನೆ ಬಿಡಿ ಸಾರ್. ಮೊದಲನೆಯದಾಗಿ ಅದು ಜಲಾಶಯ, ಯಾರು ಬೇಕಾದರೂ ದೋಣಿ ಇಳಿಸುವ ಹಾಗಿಲ್ಲ, ಅನುಮತಿ ಬೇಕು. ಎರಡನೆಯದಾಗಿ ಹೇಮಾವತಿ ನೀರು ನಾಲೆಯಲ್ಲಿ ತುಮಕೂರಿನವರೆಗೂ ಹೋಗುತ್ತದೆ, ಜನ ಕುಡಿಯುತ್ತಾರೆ. ಅದಕ್ಕೆ ನಿಮ್ಮ ಶಾಂಪೂ ನೊರೆ ಬಿಡುತ್ತೀರಾ? 1974ರ ಜಲ ಮಾಲಿನ್ಯ ಕಾಯ್ದೆ ಇರುವುದು ಫ್ಯಾಕ್ಟರಿಗೆ ಮಾತ್ರ ಅಂತ ಜನ ತಿಳಿದಿದ್ದಾರೆ, ಹಾಗೇನಿಲ್ಲ.

ಹೊಳೆಯಲ್ಲಿ ನಿಲ್ಲಿಸುವಾಗಲೂ ಅಷ್ಟೇ. ಒಂದು ಟ್ಯಾಂಕ್ ಇಟ್ಟು ಬಚ್ಚಲು ನೀರನ್ನು ಅದರಲ್ಲಿ ಹಿಡಿದು ದಡಕ್ಕೆ ಬಂದಾಗ ಖಾಲಿ ಮಾಡುವ ಏರ್ಪಾಡು ಇದ್ದರೆ ಒಳ್ಳೆಯದಲ್ವಾ? ಪಕ್ಕದಲ್ಲಿ ತಿನ್ನಲು ಮರುವಾಯಿ (ಚಿಪ್ಪುಮೀನು) ಹೆಕ್ಕುವವರು ಇರುತ್ತಾರೆ.

ಹೊಳೆ ಬದಿಯವ

ಟ್ಯಾಂಕ್ ಮಾತು ನಾನೂ ಒಪ್ಪುತ್ತೇನೆ, ಆದರೆ ಲೆಕ್ಕ ಹಾಕಿ ಇಡಿ. ಶವರಿನಲ್ಲಿ ನಿಮಿಷಕ್ಕೆ 6 ಲೀಟರ್ ಬಂದರೆ 5 ನಿಮಿಷದ ಸ್ನಾನಕ್ಕೆ 30 ಲೀಟರ್. ನಾಲ್ಕು ಜನ ಮಿಂದರೆ 120 ಲೀಟರ್, ಅಂದರೆ 120 ಕೆಜಿ. ಎರಡು ಕಾಫಿ ಮೂಟೆಗಿಂತ ಜಾಸ್ತಿ ತೂಕ. ಅದನ್ನು ಒಂದು ಪಕ್ಕಕ್ಕೆ ಇಟ್ಟರೆ 26 ಅಡಿ ದೋಣಿ ಕತ್ತು ಓರೆ ಮಾಡಿಕೊಂಡು ನಿಲ್ಲುತ್ತದೆ. ಟ್ಯಾಂಕ್ ನಡುವಿನಲ್ಲಿ, ಆದಷ್ಟು ಕೆಳಗೆ ಇರಬೇಕು. ಒಳಗೆ ತಡೆಗೋಡೆ ಇರಬೇಕು, ಇಲ್ಲದಿದ್ದರೆ ಅರ್ಧ ತುಂಬಿದ ನೀರು ಆ ಕಡೆ ಈ ಕಡೆ ಓಡಾಡಿ ದೋಣಿಯನ್ನು ಇನ್ನಷ್ಟು ತೂಗಿಸುತ್ತದೆ. ಗಾಳಿ ಹೋಗುವ ಪೈಪು ಬೇರೆ ಬೇಕು. ನಿಮ್ಮ ದೋಣಿಗೆ 60 ಲೀಟರ್ ಸಾಕು, ಎರಡು ಸ್ನಾನ. ಉಳಿದವರು ಮನೆಗೆ ಹೋಗಿ ಮೀಯಲಿ.

ದೋಣಿಗೆ ಎಂಜಿನ್ ಇದ್ದರೆ 2021ರ ಒಳನಾಡು ಹಡಗು ಕಾಯ್ದೆಯಲ್ಲಿ ಸರ್ವೆ, ನೋಂದಣಿ ಎಲ್ಲ ಇದೆ. ಇಳಿಸುವ ಮೊದಲೇ ವಿಚಾರಿಸಿಕೊಳ್ಳಿ.

ಕಣದ ದೋಣಿ, ಸಕಲೇಶಪುರ

ಎಲ್ಲರಿಗೂ ಥ್ಯಾಂಕ್ಸ್. ಗೊರೂರು ಕ್ಯಾನ್ಸಲ್. ತುಮಕೂರಿನಲ್ಲಿ ನಮ್ಮ ಚಿಕ್ಕಮ್ಮನ ಮನೆಯೇ ಇದೆ, ಅದು ನೆನಪೇ ಆಗಿರಲಿಲ್ಲ.

ಮಟ್ಟದ ಟ್ಯೂಬ್ ಹಿಡಿದು ಅಳೆಯಲು ಹೋದಾಗ ಒಂದು ತಮಾಷೆ ಆಯಿತು. ಎಡಗಡೆಯ ಪಾಚಿ ಗೆರೆಗೂ ಬಲಗಡೆಯ ಗೆರೆಗೂ ನಾಲ್ಕು ಇಂಚು ವ್ಯತ್ಯಾಸ. ದೋಣಿಯೇ ಸೊಟ್ಟ ಅಂತ ಭಾವನಿಗೆ ಫೋನ್ ಮಾಡಿ ಬೈದೆ. ಆಮೇಲೆ ನಮ್ಮ ಬಡಗಿ ಬೀಡಿ ಹಚ್ಚಿಕೊಂಡು ಹೇಳಿದ, "ಮಳೆನೀರು ಹರಿದು ಹೋಗಲಿ ಅಂತ ಕಣಕ್ಕೆ ಇಳಿಜಾರು ಕೊಟ್ಟಿದ್ದು ನಿಮ್ಮಪ್ಪನೇ ಅಲ್ವಾ ಸಾಮಿ" ಅಂತ. ಹಲಸಿನ ಮರದ ತುಂಡು ಕೊಟ್ಟು, ಜಾಕ್ ಹಾಕಿ ದೋಣಿ ನೇರ ಮಾಡಿದ ಮೇಲೆ ಗೆರೆ ಸರಿಹೋಯಿತು.

ಲೆಕ್ಕ ಹೀಗಿದೆ. ಶವರ್ ಟ್ರೇ ನೀರಿನ ಗೆರೆಗಿಂತ 14 ಸೆಂಟಿಮೀಟರ್ ಕೆಳಗೆ. ಅಡುಗೆ ಸಿಂಕಿನ ತಳ 32 ಸೆಂಟಿಮೀಟರ್ ಮೇಲೆ. ಬೇಸಿನ್ ಇನ್ನೂ ಮೇಲೆ. ಹಾಗಾದರೆ ಶವರಿಗೆ ಮಾತ್ರ ಪಂಪ್, ಬೇರೆ ಎರಡೂ ತಾವಾಗಿ ಹೋಗುತ್ತವೆ, ಸರಿನಾ? ಡಬ್ಬಿ ಹಾಕೋದಾ ಡಯಾಫ್ರಾಮಾ, ಅದು ಮಾತ್ರ ತೀರ್ಮಾನ ಆಗಿಲ್ಲ.

ವೈಂಡಿಂಗ್ ಅಂಗಡಿ, ಹಾಸನ

ಸರಿ ಇದೆ. ಸಿಂಕನ್ನು ಶವರ್ ಪಂಪಿಗೆ ಸೇರಿಸಲೇ ಬೇಡಿ. ಸಾರಿನ ಎಣ್ಣೆ ಜಿಡ್ಡು, ಅನ್ನದ ಅಗುಳು ಎಲ್ಲ ಪಂಪಿಗೆ ಹೋಗುತ್ತದೆ, ಪಂಪ್ ಕೈಕೊಟ್ಟ ದಿನ ಪಾತ್ರೆ ತೊಳೆದ ನೀರು ಬಚ್ಚಲಲ್ಲಿ ನಿಮ್ಮ ಪಾದದ ಹತ್ತಿರ ಏಳುತ್ತದೆ. ಫಿಲ್ಟರಿನ ಕಾಫಿ ಚರಟ ಸಿಂಕಿಗೆ ಸುರಿಯುವ ಅಭ್ಯಾಸ ಇದ್ದರೆ ಅದನ್ನೂ ಬಿಡಿ.

ನಾನಾದರೆ ಡಬ್ಬಿಯೇ ಹಾಕುತ್ತೇನೆ. ಫ್ಲೋಟ್ ಇದೆ, ಯಾರೂ ಸ್ವಿಚ್ ಒತ್ತಬೇಕಿಲ್ಲ, ಮನೆಗೆ ಬಂದ ನೆಂಟರಿಗೆ ಹೇಳಿಕೊಡುವ ತಾಪತ್ರಯ ಇಲ್ಲ.

ಹೊಳೆ ಬದಿಯವ

ನಾನು ಒಪ್ಪುವುದಿಲ್ಲ. ಹೊಸದರಲ್ಲಿ ಡಬ್ಬಿ ಚೆನ್ನಾಗಿಯೇ ಇರುತ್ತದೆ, ಆರು ತಿಂಗಳಾದ ಮೇಲೆ ಮುಚ್ಚಳ ತೆಗೆದು ನೋಡಿ. ಒಳಗೆ ಬೂದು ಬಣ್ಣದ ಲೋಳೆ ಕಟ್ಟಿ ಫ್ಲೋಟ್ ಅಂಟಿಕೊಂಡಿರುತ್ತದೆ. ಮೇಲೇ ಅಂಟಿಕೊಂಡರೆ ಪಂಪ್ ನಿಲ್ಲದೆ ಓಡಿ ಬ್ಯಾಟರಿ ಖಾಲಿ, ಕೆಳಗೆ ಅಂಟಿಕೊಂಡರೆ ಬಚ್ಚಲು ತುಂಬುತ್ತದೆ. ವಾರಕ್ಕೊಮ್ಮೆ ತೊಳೆಯುವ ಶಿಸ್ತು ಇದ್ದರೆ ಮಾತ್ರ ಡಬ್ಬಿ. ಡಯಾಫ್ರಾಮಿಗೆ ಫ್ಲೋಟೂ ಬೇಡ, ಡಬ್ಬಿಯೂ ಬೇಡ. ಗೋಡೆಯಲ್ಲಿ ಒಂದು ಒತ್ತುವ ಸ್ವಿಚ್. ಮೀಯುತ್ತಾ ಇರುವಾಗಲೇ ಒತ್ತಿ, ಗೊರಗೊರ ಅಂತ ಗಾಳಿ ಎಳೆಯುವ ಸದ್ದು ಬಂದಾಗ ಬಿಡಿ. ನಿಮಿಷಕ್ಕೆ 14 ಲೀಟರ್ ಎತ್ತುವ ಪಂಪ್ ಸಿಗುತ್ತದೆ, ನಿಮ್ಮ 6 ಲೀಟರ್ ಶವರಿಗೆ ಧಾರಾಳ. ಬೆಲೆ ಮಾತ್ರ ಜಾಸ್ತಿ, ಅದು ನಿಜ.

ಕಣದ ದೋಣಿ, ಸಕಲೇಶಪುರ

ಎರಡು ವಾರ ಆದ ಮೇಲೆ ಬರೆಯುತ್ತಿದ್ದೇನೆ. ಯಾರ ಮಾತು ಕೇಳುವುದು ಅಂತ ಗೊತ್ತಾಗದೆ ಎರಡನ್ನೂ ಕಣದಲ್ಲೇ ಪರೀಕ್ಷೆ ಮಾಡಿದೆ. ಡಬ್ಬಿ ಮತ್ತು ಮುಳುಗುವ ಪಂಪ್ ಭಾವನ ಸ್ನೇಹಿತರಿಂದ ಕಡ ತಂದಿದ್ದು, ಡಯಾಫ್ರಾಮ್ ಕೊಂಡಿದ್ದು. ನನ್ನ ತಲೆಯಲ್ಲಿ ಪರೀಕ್ಷೆಗೆ ಬೇಕಾದಷ್ಟು ಕೂದಲು ಉಳಿದಿಲ್ಲ. ಕಟಿಂಗ್ ಶಾಪಿಗೆ ಹೋಗಿ ಒಂದು ಕವರ್ ಕೂದಲು ಕೇಳಿದೆ, ಅವರು ಕೊಟ್ಟರು, ಆದರೆ ಯಾಕೆ ಅಂತ ಕೇಳುವ ಧೈರ್ಯ ಮಾಡಲಿಲ್ಲ. ಮಾಟ ಮಂತ್ರ ಅಂದುಕೊಂಡಿರಬೇಕು. ಆಮೇಲೆ ಅವು ಬರೀ ತುಂಡು ಕೂದಲು ಅಂತ ಹೊಳೆದು, ಮನೆಯವಳ ಬಾಚಣಿಗೆಯಿಂದ ಉದ್ದದ್ದೂ ಸೇರಿಸಿದೆ. ಜೊತೆಗೆ ಶಾಂಪೂ, ಕೊಬ್ಬರಿ ಎಣ್ಣೆ, ಸೀಗೆಪುಡಿ. ಸೀಗೆಪುಡಿ ಯಾಕೆ ಅಂದರೆ ದೀಪಾವಳಿ ಹೊತ್ತಿಗೆ ದೋಣಿ ನೀರಲ್ಲಿರುತ್ತದೆ, ಎಣ್ಣೆ ಸ್ನಾನ ಅಲ್ಲೇ ಮಾಡುವ ಅಂತ ಭಾವನ ಹಟ.

ಮೂವತ್ತು ಲೀಟರಿನ ಹಾಗೆ ಬಕೆಟಿನಲ್ಲಿ ಸುರಿಯುತ್ತಾ ಹೋದೆ. ಡಬ್ಬಿ ನಾಲ್ಕನೇ ಸ್ನಾನಕ್ಕೆ ತಕರಾರು ಶುರು ಮಾಡಿತು. ಕೂದಲನ್ನು ಜಾಲರಿ ಹಿಡಿಯಿತು, ಒಪ್ಪಿಕೊಳ್ಳುತ್ತೇನೆ. ಆದರೆ ಸೀಗೆಪುಡಿ ಜಾಲರಿ ದಾಟಿ ಫ್ಲೋಟಿನ ಕೀಲಿನಲ್ಲಿ ಕೆಸರಿನ ಹಾಗೆ ಕೂತಿತು. ಡಯಾಫ್ರಾಮ್ ಹನ್ನೆರಡು ಸ್ನಾನ ಮುಗಿಸಿದರೂ ಗೊರಗೊರ ಅನ್ನುತ್ತಲೇ ಇತ್ತು. ಬಿಚ್ಚಿ ನೋಡಿದೆ, ರಬ್ಬರ್ ವಾಲ್ವಿನ ತುಟಿಗೆ ಎರಡು ಎಳೆ ಕೂದಲು ಸಿಕ್ಕಿಕೊಂಡಿದ್ದವು, ಅಷ್ಟೇ. ಡಯಾಫ್ರಾಮೇ ಗಟ್ಟಿ ಮಾಡಿದೆ. ಪೈಪನ್ನು ಡೆಕ್ ಕೆಳಗಿನವರೆಗೆ ಹತ್ತಿಸಿ ಕೊಂಬಿನ ಹಾಗೆ ಬಗ್ಗಿಸಿದ್ದೇನೆ, ತೂತು ಗೆರೆಗಿಂತ 35 ಸೆಂಟಿಮೀಟರ್ ಮೇಲಿದೆ. ಟ್ಯಾಂಕಿಗೆ ಹೋಗಲು ನಡುವೆ ಒಂದು ಮೂರು ದಾರಿ ವಾಲ್ವ್. 60 ಲೀಟರ್ ಟ್ಯಾಂಕ್ ಇನ್ನೂ ಬಂದಿಲ್ಲ. ಹಳೇ ಟ್ರೇ ತೂತಿನಿಂದ ತಳಕ್ಕೆ ಹೋಗುತ್ತಿದ್ದ ದಾರಿಯನ್ನು ಫೈಬರ್ ಹಾಕಿ ಮುಚ್ಚಿಯಾಯಿತು.

ಸದ್ಯಕ್ಕೆ ಹೊರಗಿನ ತೂತಿಗೆ ಒಂದು ಉದ್ದನೆಯ ಪೈಪು ಸಿಕ್ಕಿಸಿ ಕಣದ ಅಂಚಿನ ಬಾಳೆಬುಡಕ್ಕೆ ಬಿಟ್ಟಿದ್ದೇನೆ. ಅಮ್ಮ ದಿನಾ ಸಾಯಂಕಾಲ ಬಂದು ನೋಡಿ, ಇವತ್ತು ಯಾಕೆ ಇನ್ನೂ ಸ್ನಾನ ಹಾಕಿಲ್ಲ, ಬಾಳೆ ಒಣಗುತ್ತಿದೆ ಅಂತ ಕೇಳುತ್ತಾರೆ.

ಮುಳ್ಳಯ್ಯನಗಿರಿ ಗಾಳಿ, ಚಿಕ್ಕಮಗಳೂರು

ಎಣ್ಣೆ ಬಿದ್ದ ನೀರು ಎಳೇ ಗಿಡದ ಬುಡಕ್ಕೇ ಬಿಡಬೇಡಿ, ಒಂದು ಮಾರು ದೂರ ಬಿಡಿ. ದೋಣಿ, ಕಣ, ಬಾಳೆ ಮೂರೂ ಇರುವ ಫೋಟೋ ಒಂದು ಹಾಕಿ ಸಾರ್.